ಹಳದಿ ಹೀರುವ ಮಣಿಗಳು

ಅಕ್ಕನ ಮನೆಯ ನೀರು ಹಳದಿಯಾಗಿದೆ ಅಂತ ನಾನು ಮೊದಲ ಸಲ ಅಂದಾಗ ಭಾವ ನಕ್ಕುಬಿಟ್ಟರು. "ನಿಂಗೆ ಕಾಮಾಲೆ ಗೀಮಾಲೆ ಬಂದೈತೇನೋ, ಒಸಿ ತೋರಿಸ್ಕೊ ಕಣವ್ವ" ಅಂದರು. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಒಳಗೆ ಹೋಗಿ ಬಿಳಿ ಪಿಂಗಾಣಿ ಬಟ್ಟಲು ತಂದು, ಬೋರ್‌ವೆಲ್ ನೀರು ತುಂಬಿಸಿ, ಅಂಗಳದ ಬಿಸಿಲಲ್ಲಿ ಅವರ ಕಾಲ ಬುಡದಲ್ಲಿ ಇಟ್ಟೆ. ಬಗ್ಗಿ ನೋಡಿದರು. ನಗು ನಿಂತಿತು. "ಮಣ್ಣಿನ ಗುಣ ಅದು" ಅಂದು ಕುರಿ ಹೊಡೆದುಕೊಂಡು ಹೊರಟುಹೋದರು.

ಹಾರೋಹಳ್ಳಿಯಿಂದ ಕನಕಪುರದ ಕಡೆಗೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ನುಗ್ಗಿದರೆ ಸಿಗುವ ಸಣ್ಣ ಊರು ಅದು. ಭಾವನಿಗೆ ಒಂದು ಹಿಂಡು ಕುರಿ, ಒಂದಿಷ್ಟು ರಾಗಿ ಹೊಲ, ಮನೆ ಹಿಂದೆ ಕೊಟ್ಟಿಗೆ, ಅದರಲ್ಲಿ ಒಂದೇ ಹಸು. ಮನೆಯಲ್ಲಿ ಅಕ್ಕ, ಭಾವ, ಭಾವನ ತಾಯಿ. ಆ ತಾಯಿಯನ್ನು ಅಕ್ಕನ ಹಾಗೆ ನಾನೂ ಅತ್ತೆ ಅಂತಲೇ ಕರೆಯುತ್ತಿದ್ದೆ. ನನ್ನ ಕೆಲಸ ಕೈಗಾರಿಕಾ ಪ್ರದೇಶದಲ್ಲಿ, ನೀರು ಶುದ್ಧ ಮಾಡುವ ಮಣಿ ತಯಾರಿಸುವ ಒಂದು ಚಿಕ್ಕ ಯೂನಿಟ್ಟಿನ ಲ್ಯಾಬಿನಲ್ಲಿ. ಕನಕಪುರದಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದೆ. ಭಾನುವಾರ ಬಂತು ಅಂದರೆ ಮೊಪೆಡ್ ಹತ್ತಿ ಅಕ್ಕನ ಮನೆಗೆ.

ಅಕ್ಕ ಆಗ ಬಸುರಿ. ಅದಕ್ಕೆ ಮುಂಚೆ ಎರಡು ಸಲ ನಿಂತು, ನಿಂತದ್ದು ಹೋಗಿತ್ತು. ಈ ಸಲ ಕನಕಪುರದ ಡಾಕ್ಟರಮ್ಮ ಕಣ್ಣು ಕೆಂಪಗೆ ಮಾಡಿ ಹೇಳಿದ್ದರು, ಬಸ್ಸು ಹತ್ತಬಾರದು, ಬಿಂದಿಗೆ ಎತ್ತಬಾರದು, ಮಲಗಿದಲ್ಲೇ ಮಲಗಿರಬೇಕು, ಇದೂ ಹೋದರೆ ಮುಂದೆ ಮಾತು ಕೊಡಕ್ಕಾಗಲ್ಲ ಅಂತ. ಅತ್ತೆ ಸಾವನದುರ್ಗದ ವೀರಭದ್ರನಿಗೆ ಹರಕೆ ಕಟ್ಟಿಕೊಂಡರು, ನಡುಮನೆಯಲ್ಲಿ ಚಾಪೆ ಹಾಸಿ ಸೊಸೆಯನ್ನು ಮಲಗಿಸಿದರು, ಅವಳ ಕೈಗೆ ಒಂದು ಸೊಪ್ಪಿನ ಕಡ್ಡಿ ಮುರಿಯಲೂ ಬಿಡಲಿಲ್ಲ. ನಮಗೆ ಅಮ್ಮ ಇಲ್ಲ. ಚನ್ನಪಟ್ಟಣದಲ್ಲಿ ಅಪ್ಪ ಬೆಳಗಿಂದ ಸಾಯಂಕಾಲದವರೆಗೂ ಗೊಂಬೆ ಕಡೆಯುತ್ತ ಕೂತಿದ್ದರೆ ನನಗೆ ತಲೆ ಬಾಚಿ ಉಣ್ಣಿಸಿ ಇಸ್ಕೂಲಿಗೆ ತಳ್ಳಿದವಳು ಅಕ್ಕ. ಅವಳಿಗೊಂದು ಕೂಸು ದಕ್ಕಲಿ ಅನ್ನೋದು ಬಿಟ್ಟರೆ ಆ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ.

ಬಟ್ಟಲಿನ ನೀರನ್ನು ಬಾಟಲಿಗೆ ಸುರಿದುಕೊಂಡು ಸೋಮವಾರ ಲ್ಯಾಬಿಗೆ ಒಯ್ದೆ. ಆ ಪರೀಕ್ಷೆ ಏನೂ ಕಷ್ಟದ್ದಲ್ಲ. ನೀರಿಗೆ ಒಸಿ ಆಸಿಡ್ ಹಾಕಿ, ಮೇಲೆ ನಾಲ್ಕು ಹನಿ ಔಷಧಿ ಬಿಡಬೇಕು. ಕ್ರೋಮಿಯಂ ಅನ್ನೋ ಲೋಹದ ಕೆಟ್ಟ ಜಾತಿ ನೀರಲ್ಲಿದ್ದರೆ ನೇರಳೆ ಬಣ್ಣ ಬರುತ್ತದೆ, ಇಲ್ಲದಿದ್ದರೆ ಏನೂ ಇಲ್ಲ. ನಾನು ಔಷಧಿ ಬಿಟ್ಟು ಕೈ ಅಲುಗಿಸಿದೆ ಅಷ್ಟೆ. ಗಾಜಿನ ನಳಿಗೆಯೊಳಗೆ ನೇರಳೆಹಣ್ಣು ಹಿಂಡಿದ ಹಾಗೆ ಆಯಿತು. ಅಯ್ಯೋ ಶಿವನೇ ಅಂದುಕೊಂಡೆ. ಇನ್ನೊಂದು ನಳಿಗೆಯಲ್ಲಿ ಮಾಡಿದೆ, ಮತ್ತೊಂದರಲ್ಲಿ ಮಾಡಿದೆ. ಎಲ್ಲದರಲ್ಲೂ ಅದೇ ಬಣ್ಣ.

ಊರಿನ ಮೇಲುಗಡೆ ದಿಬ್ಬದಲ್ಲಿ ಒಂದು ತಗಡಿನ ಶೆಡ್ಡಿತ್ತು. ಯಾರೋ ಎಲ್ಲಿಂದಲೋ ಬಂದು ಕೆಲವು ವರ್ಷ ಕಬ್ಬಿಣದ ಸಾಮಾನಿಗೆ ಕ್ರೋಮಿಯಂ ಮೆರುಗು ಹಿಡಿಸುವ ಕೆಲಸ ಮಾಡಿ, ಒಂದು ದಿನ ಬಾಗಿಲಿಗೆ ಬೀಗ ಹಾಕಿ ಹೋಗಿದ್ದರು. ಬೋರ್ಡೂ ಇರಲಿಲ್ಲ, ಹೆಸರೂ ಇರಲಿಲ್ಲ. ಭಾವನನ್ನು ಕರೆದುಕೊಂಡು ಹೋಗಿ ನೋಡಿದೆ. ಶೆಡ್ಡಿನ ಹಿಂದೆ ಒಂದು ಗುಂಡಿ, ಅದರ ಅಂಚಿನ ಮಣ್ಣು ಅರಿಶಿನ ಚೆಲ್ಲಿದ ಹಾಗೆ ಹಳದಿ. ಒಂದು ಗರಿಕೆ ಹುಟ್ಟಿರಲಿಲ್ಲ. ಭಾವನ ಕುರಿಗಳು ಎಲ್ಲೆಂದರಲ್ಲಿ ಬಾಯಿ ಹಾಕುವಂಥವು, ಅವು ಸಹ ಆ ಕಡೆ ಸುಳಿಯುತ್ತಿರಲಿಲ್ಲ. "ಮಳೆ ಬಂದಾಗೆಲ್ಲ ಇದು ಕೆಳಕ್ಕೆ ಇಳಿದೈತೆ ಭಾವ, ನಿಮ್ಮ ಬೋರಿಗೆ" ಅಂದೆ. ಅವರು ಬಹಳ ಹೊತ್ತು ಗುಂಡಿಯನ್ನೇ ನೋಡಿದರು. "ನಾವು ಎಷ್ಟ್ ವರ್ಷದಿಂದ ಕುಡೀತಿದೀವಿ" ಅಂದರು.

ಇಡೀ ಊರಿಗೆ ಅದೇ ಬೋರಿನ ನೀರು. ಆಗಿನ್ನೂ ಹಳ್ಳಿಗಳಿಗೆ ಶುದ್ಧ ನೀರಿನ ಘಟಕ ಬಂದಿರಲಿಲ್ಲ. ಭಾವ ಪಂಚಾಯ್ತಿಗೆ ಹೋಗಿ ಹೇಳಿದರು, ಅವರು ನೋಡೋಣ ಅಂದರು. ಅಕ್ಕನನ್ನು ಅಲ್ಲಿಂದ ಕದಲಿಸುವ ಹಾಗಿಲ್ಲ. ಹಾಗಾಗಿ ನಮ್ಮ ಮ್ಯಾನೇಜರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಒಂದು ಚೀಲ ಮಣಿ ಕೊಟ್ಟರು.

ಮಣಿ ಅಂದರೆ ಪಾಲಿಮರ್ ಮಣಿ, ಒಂದು ಜಾತಿಯ ಪ್ಲಾಸ್ಟಿಕ್ಕೇ ಅನ್ನಿ. ನೋಡಕ್ಕೆ ನೆನೆಸಿದ ಸಬ್ಬಕ್ಕಿ, ಇನ್ನೂ ಸಣ್ಣದು. ಒಂದೊಂದು ಮಣಿಯೂ ಮೈತುಂಬ ಉಪ್ಪಿನ ಅಂಶ ಹಿಡಿದುಕೊಂಡಿರುತ್ತದೆ. ಕ್ರೋಮಿಯಂ ಇರುವ ನೀರು ಮೇಲೆ ಹರಿದರೆ ಉಪ್ಪನ್ನು ಬಿಟ್ಟು ಕ್ರೋಮಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಹಿಡಿದೂ ಹಿಡಿದೂ ಹೊಟ್ಟೆ ತುಂಬಿದಾಗ ಗಟ್ಟಿ ಉಪ್ಪುನೀರು ಬಿಟ್ಟರೆ ಕ್ರೋಮಿಯಮ್ಮನ್ನು ಕಕ್ಕಿ ಮತ್ತೆ ಉಪ್ಪು ಹಿಡಿದುಕೊಂಡು ಮೊದಲಿನ ಹಾಗೆ ಬೆಳ್ಳಗಾಗುತ್ತದೆ. ಆದರೆ ಆ ಕಕ್ಕಿದ ನೀರು ಇದೆಯಲ್ಲ, ಅಷ್ಟು ದಿನ ಅಷ್ಟು ಬಿಂದಿಗೆಗಳಲ್ಲಿ ಹಂಚಿಹೋಗಿದ್ದ ವಿಷವೆಲ್ಲ ಅದೊಂದರಲ್ಲೇ ಇರುತ್ತದೆ. ಮಣಿ ವಿಷವನ್ನು ಕೊಲ್ಲುವುದಿಲ್ಲ, ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡುತ್ತದೆ.

ಅಡುಗೆಮನೆ ಗೋಡೆಗೆ ಮೊಳದುದ್ದದ ಪಾರದರ್ಶಕ ಪೈಪು ಹೊಡೆದು, ಮಣಿ ತುಂಬಿ, ಮೇಲೆ ಒಂದು ಡ್ರಮ್ಮು, ಕೆಳಗೆ ಒಂದು ನಲ್ಲಿ ಕೂರಿಸಿದೆ. ಕುಡಿಯೋದಕ್ಕೂ ಅಡುಗೆಗೂ ಈ ನಲ್ಲಿದೇ ನೀರು ಅಂತ ಕಟ್ಟಪ್ಪಣೆ ಮಾಡಿದೆ. ಕೆಳಗೆ ಬಂದ ನೀರಿಗೆ ಔಷಧಿ ಬಿಟ್ಟೆ, ಬಣ್ಣವಿಲ್ಲ. ಸುಳ್ಳು ಯಾಕೆ, ಕುಣಿಯೋಣ ಅನ್ನಿಸಿತು. ಅತ್ತೆ ಪೈಪಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟರು. "ಅತ್ತೆ, ಮಣಿ ಕಾಣಬೇಕು, ಅದನ್ನ ಮುಚ್ಚಬೇಡಿ" ಅಂತ ರೇಗಿದೆ. "ಓದಿರೋರ್ಗೆ ಎಲ್ಲಾನೂ ಕಾಣ್ಬೇಕು" ಅಂತ ನಕ್ಕು ಕುಂಕುಮವನ್ನು ಒಸಿ ಪಕ್ಕಕ್ಕೆ ಸರಿಸಿದರು.

ತೊಳೆಯುವುದನ್ನೂ ಅವರಿಗೇ ಹೇಳಿಕೊಟ್ಟೆ. ಮಣಿ ಮೇಲಿಂದ ಹಳದಿಯಾಗುತ್ತ ಬಂದು, ಆ ಹಳದಿ ಪಟ್ಟೆ ನಾನು ಪೈಪಿಗೆ ಕಟ್ಟಿದ ದಾರದವರೆಗೆ ಇಳಿದಾಗ ಮೊದಲು ಉಪ್ಪುನೀರು ಬಿಡಬೇಕು, ಆಮೇಲೆ ಸಾದಾ ನೀರು ಬಿಡಬೇಕು. ಎರಡನ್ನೂ ನೀಲಿ ಕ್ಯಾನಿಗೆ ಹಿಡಿದು ಮುಚ್ಚಳ ಬಿಗಿ ಮಾಡಿ ಮಡಗಬೇಕು. ಭಾನುವಾರ ನಾನೇ ಒಯ್ದು ನಮ್ಮ ಯೂನಿಟ್ಟಿನ ತೊಟ್ಟಿಗೆ ಹಾಕುತ್ತೇನೆ, ಅಲ್ಲಿ ಅದನ್ನು ಸಾಯಿಸುವ ಏರ್ಪಾಡಿದೆ ಅಂದೆ. "ಅದು ಬರೀ ವಿಷ ಅತ್ತೆ, ಮುಟ್ಟಬೇಡಿ." ಅತ್ತೆ ತಲೆಯಾಡಿಸಿದರು. ಹಿತ್ತಲ ಕಡೆ ನೋಡಿಕೊಂಡು ತಲೆಯಾಡಿಸಿದ್ದು ನೆನಪಿದೆ.

ಮಲಗಿದಲ್ಲಿಂದ ಅಕ್ಕನಿಗೆ ಆ ಪೈಪು ಕಾಣುತ್ತಿತ್ತು. ಅವಳಿಗೆ ನೋಡುವುದಕ್ಕೆ ಬೇರೆ ಏನಿತ್ತು ಹೇಳಿ. ಬೆಳಗ್ಗೆ ತುದಿಯಲ್ಲಿ ಕಂಡ ಹಳದಿ ಸಂಜೆಗೆ ಒಂದು ಕೂದಲೆಳೆ ಕೆಳಗೆ ಬಂದಿರುತ್ತಿತ್ತು. ನಾನು ಹೋದಾಗೆಲ್ಲ, "ನೋಡೇ, ಎಷ್ಟು ಇಳಿದೈತೆ" ಅನ್ನುತ್ತಿದ್ದಳು. ಒಂದು ಭಾನುವಾರ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಕೇಳಿದಳು, "ಇಷ್ಟು ವರ್ಷ ನಾನು ಕುಡಿದಿದ್ದು ನನ್ನೊಳಗೂ ಹಿಂಗೇ ಇಳಿದಿದ್ರೆ? ಅದಕ್ಕೆ ಯಾವ ಉಪ್ಪು ಹಾಕ್ತೀಯೆ?" ನಾನು ಬಾಯಿಗೆ ಬಂದ ಹಾಗೆ ಬೈದೆ. ಎದ್ದು ಬಂದು ಹಿತ್ತಲಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ.

ಅಕ್ಕನಿಗೆ ದಿನಾ ಸಂಜೆ ಒಂದು ಚೊಂಬು ಹಾಲು ಆಗಬೇಕಿತ್ತು. ಅತ್ತೆ ಹಸು ಕರೆದು, ಕೆನೆ ಕಟ್ಟುವ ಹಾಗೆ ಕಾಯಿಸಿ, ತಮ್ಮ ಕೈಯಿಂದಲೇ ಕುಡಿಸುತ್ತಿದ್ದರು. ಹಸುವೂ ಗಬ್ಬವಾಗಿತ್ತು. ಮನೆಯೊಳಗೊಂದು, ಕೊಟ್ಟಿಗೆಯಲ್ಲೊಂದು, ಎರಡು ಬಸುರು ಸಾಕ್ತಿದೀನಿ ಅಂತ ಅತ್ತೆ ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಾನು ಒಯ್ಯುತ್ತಿದ್ದ ಕ್ಯಾನಿನ ನೀರು ಯಾಕೋ ತೆಳು ಅನ್ನಿಸುತ್ತಿತ್ತು. ಅಷ್ಟು ಹಳದಿ ಹಿಡಿದ ಮಣಿ ತೊಳೆದರೆ ಕಡು ಬಣ್ಣ ಬರಬೇಕು, ಇದು ಬರೀ ಗಂಜಿ ತಿಳಿಯಂತೆ. ಮಣಿ ಸೋತಿದೆಯೇನೋ, ಹಿಡಿದದ್ದನ್ನು ಬಿಡುತ್ತಿಲ್ಲವೇನೋ ಅಂತ ದಿಗಿಲಾಯಿತು. ಪೈಪು ನೋಡಿದರೆ ಮಣಿ ಬೆಳ್ಳಗೆ ಹೊಳೆಯುತ್ತಿದ್ದವು. ನಲ್ಲಿ ನೀರಿಗೆ ಔಷಧಿ ಬಿಟ್ಟರೆ ಬಣ್ಣವಿಲ್ಲ. ಸರಿ, ಅಕ್ಕ ಕುಡಿಯುವ ನೀರು ಚೆನ್ನಾಗಿದೆಯಲ್ಲ ಅಂತ ಸುಮ್ಮನಾದೆ.

ಹಸು ಮೇವು ಬಿಟ್ಟಿತು. ಮೊದಲು ಸಗಣಿ ನೀರಾಯಿತು, ಆಮೇಲೆ ಮೈಮೇಲಿನ ಕೂದಲು ನಿಗುರಿ ನಿಂತಿತು. ಅತ್ತೆ ಯಾರದೋ ಕಣ್ಣು ಬಿದ್ದಿದೆ ಅಂತ ಕರಿದಾರ ಕಟ್ಟಿದರು. ದನದ ಡಾಕ್ಟರು ಬಂದು ಇಂಜೆಕ್ಷನ್ ಚುಚ್ಚಿ ಹೋದರು. ಒಂದೆರಡು ದಿನ ಚೇತರಿಸಿಕೊಂಡಂತೆ ಕಂಡಿತು, ಮತ್ತೆ ಅದೇ ಕಥೆ. ಕೊಟ್ಟಿಗೆಗೆ ಹೋದರೆ ಅದು ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಹಾಲು ಕಮ್ಮಿಯಾಯಿತು. ಬಂದಷ್ಟನ್ನೂ ಅತ್ತೆ ಅಕ್ಕನಿಗೇ ಕೊಟ್ಟರು, ಭಾವನ ಕಾಫಿಗೂ ಬಿಡಲಿಲ್ಲ.

ಒಂದು ಭಾನುವಾರ ನಾನು ಮೊಪೆಡ್ ನಿಲ್ಲಿಸುವಾಗಲೇ ಕೊಟ್ಟಿಗೆಯಿಂದ ಅತ್ತೆಯ ಕೂಗು ಕೇಳಿಸಿತು. ಹಸು ದಿನ ತುಂಬುವ ಮುಂಚೆಯೇ ಕಂದು ಹಾಕಿತ್ತು. ಹುಲ್ಲಿನ ಮೇಲೆ ಮೈಕೂದಲು ಸಹ ಬಾರದ ಕರು, ಅದರ ಮೇಲೆ ಆಗಲೇ ನೊಣ. ಹಸು ಅದನ್ನು ನೆಕ್ಕಲೂ ಇಲ್ಲ, ಮೂಸಲೂ ಇಲ್ಲ. ಭಾವ ಓಡಿಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ಹಸುವಿನ ಬಾಯಿ ಅಗಲಿಸಿ ನೋಡಿದರು. ಒಳಗೆಲ್ಲ ಹುಣ್ಣು. "ಏನಮ್ಮ ತಿನ್ನಿಸಿದ್ರಿ ಇದಕ್ಕೆ?" ಅಂತ ಕೇಳಿದರು.

"ಇನ್ನೇನ್ ತಿನ್ನಿಸಾನ ಸ್ವಾಮಿ, ಹುಲ್ಲು, ಬೂಸ, ಕಲಗಚ್ಚು" ಅಂದರು ಅತ್ತೆ. "ಕಲಗಚ್ಚಿಗೆ ಒಸಿ ಉಪ್ನೀರು."

"ಯಾವ ಉಪ್ಪುನೀರು ಅತ್ತೆ?" ಅಂದೆ.

ಅತ್ತೆ ಅಡುಗೆಮನೆಯ ಪೈಪಿನ ಕಡೆ ಕೈ ತೋರಿಸಿದರು.

ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಮಿಕ್ಕ ಸಾರು, ಅಡುಗೆಮನೆಯ ಯಾವ ನೀರೂ ನಮ್ಮ ಕಡೆ ಮೋರಿಗೆ ಹೋಗುವುದಿಲ್ಲ. ಎಲ್ಲ ಕಲಗಚ್ಚಿನ ಬಾನಿಗೆ ಹೋಗಿ, ಅಲ್ಲಿಂದ ದನದ ಹೊಟ್ಟೆಗೆ ಹೋಗುತ್ತದೆ. ಉಪ್ಪಂತೂ ಲಕ್ಷ್ಮಿ. ಅದನ್ನು ತುಳಿಯುವ ಜಾಗಕ್ಕೆ ಚೆಲ್ಲಿದರೆ ಮನೆಗೆ ಏಳಿಗೆ ಇಲ್ಲ, ಅದೂ ಬಸುರಿ ಇರುವ ಮನೆಯಲ್ಲಿ. ಅತ್ತೆ ನಾನು ಹೇಳಿದ ಹಾಗೇ ತೊಳೆದಿದ್ದರು, ಚಾಚೂ ತಪ್ಪಿರಲಿಲ್ಲ. ಉಪ್ಪುನೀರನ್ನು ಮಾತ್ರ ಬೇರೆ ಪಾತ್ರೆಗೆ ಹಿಡಿದು ಬಾನಿಗೆ ಸುರಿದು, ಆಮೇಲಿನ ಸಾದಾ ನೀರನ್ನು ನನ್ನ ಕ್ಯಾನಿಗೆ ತುಂಬಿಸಿದ್ದರು. ಗಬ್ಬದ ಹಸು, ಉಪ್ಪು ಕಂಡರೆ ಆಸೆಪಟ್ಟು ಬಾನಿಯ ತಳದವರೆಗೂ ಕುಡಿದಿತ್ತು.

"ವಿಷ ಅಂತ ಹೇಳಿರಲಿಲ್ವಾ ನಾನು? ಬಾಯಿ ಬಡ್ಕೊಂಡಿದ್ನಲ್ಲ!" ಅಂತ ಕಿರುಚಿದೆ. ಡಾಕ್ಟರೇ ಬೆಚ್ಚಿದರು.

"ವಿಷ ಮಣಿಯಾಗ್ ಇತ್ತಲ್ಲವ್ವ" ಅಂದರು ಅತ್ತೆ. ದನಿ ಸಣ್ಣದಾಗಿತ್ತು. "ಉಪ್ಪು ಬುಟ್ಟ ಮ್ಯಾಕೆ ಮಣಿ ಬೆಳ್ಳಗಾಯ್ತದೆ. ಉಪ್ಪು ವಿಷನ ಸುಟ್ಟಾಕ್ತು ಅಂದ್ಕೊಂಡೆ. ಉಪ್ಪಿಗೆ ಯಾವ್ದು ತಡೆದಾತು? ನೀನು ಒಯ್ದು ತೊಟ್ಟಿಗೆ ಸುರೀತೀಯ, ಅದು ಯಾವ್ ಮೋರಿಗ್ ಓಯ್ತದೋ. ಬಸ್ರಿ ಇರೋ ಮನೆ ಉಪ್ಪು ಮೋರಿಗ್ ಓಗ್ಬಾರ್ದು ಅಂತ..."

ನಾನು ಇನ್ನೂ ಏನೇನೋ ಅನ್ನುವವಳಿದ್ದೆ. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಅಕ್ಕ ನಿಂತಿರುವುದು ಕಂಡಿತು. ಏಳಬಾರದು ಅಂದರೂ ಎದ್ದು ಬಂದಿದ್ದಳು. ಸತ್ತ ಕರುವನ್ನು ನೋಡಿದಳು, ಹಸುವಿನ ಕೆಚ್ಚಲನ್ನು ನೋಡಿದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಧಾನವಾಗಿ ಕೂತುಬಿಟ್ಟಳು. ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ನಿನ್ನೆ ಸಂಜೆನೂ ಕುಡಿದೆ" ಅಂದಳು.

ಹಾಲು ಪರೀಕ್ಷೆ ಮಾಡಿಸೋಣ ಅಂದರೆ ಹಸು ಅವತ್ತೇ ಬತ್ತಿಹೋಯಿತು. ಒಂದು ತೊಟ್ಟೂ ಇಳಿಯಲಿಲ್ಲ. ಆ ವಾರದಲ್ಲೇ ಸತ್ತೂ ಹೋಯಿತು, ಭಾವ ಆಳುದ್ದ ಗುಂಡಿ ತೋಡಿ ಹೂತರು. ಲ್ಯಾಬಿನಲ್ಲಿ ಮ್ಯಾನೇಜರನ್ನು ಕೇಳಿದೆ. ಹಸುವಿನ ಹೊಟ್ಟೆಯಲ್ಲಿ ಆ ವಿಷದ ಬಹುಪಾಲು ತಣ್ಣಗಾಗಿಬಿಡುತ್ತೆ, ಹಾಲಿಗೆ ಬರೋದು ಕಮ್ಮಿ ಅಂದರು. "ಕಮ್ಮಿ ಅಂದ್ರೆ ಎಷ್ಟು ಸಾರ್?" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಗೊತ್ತಿಲ್ಲಮ್ಮ ಅನ್ನುವುದಕ್ಕೆ ದೊಡ್ಡ ಮನುಷ್ಯರು ಹಾಗೆ ಮಾಡುತ್ತಾರೆ.

ರೂಮು ಖಾಲಿ ಮಾಡಿ ಅಕ್ಕನ ಮನೆಯಲ್ಲೇ ಬಂದು ಉಳಿದೆ. ಮಣಿ ತೊಳೆಯುವುದು, ಕ್ಯಾನು ಸಾಗಿಸುವುದು, ಎಲ್ಲ ನಾನೇ. ಆ ತಿಂಗಳುಗಳನ್ನು ಹೇಗೆ ಕಳೆದೆವೋ. ಕೂಸು ಒದ್ದರೆ ಅಕ್ಕ ನನ್ನ ಕೈ ಎಳೆದು ಹೊಟ್ಟೆ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಒದೆಯದಿದ್ದರೆ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಅವಳು ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅತ್ತೆಗೆ ಎಷ್ಟೋ ಹಗುರಾಗುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಹೆಂಗಸು, ಸಾರಿಗೆ ಉಪ್ಪು ಹಾಕುವಾಗಲೂ ನನ್ನ ಮುಖ ನೋಡತೊಡಗಿದರು. "ಇಷ್ಟು ಹಾಕ್ಲಾ ಕೂಸೇ?" ಸೊಪ್ಪು ತಂದರೆ ತೋರಿಸುವುದು, ರಾಗಿ ಬೀಸಿದರೆ ತೋರಿಸುವುದು. "ಒಸಿ ನೋಡವ್ವ, ಏನಾರ ಐತಾ?" ಅಕ್ಕನಿಗೆ ತಟ್ಟೆ ಬಡಿಸಿ, ತಾವು ಕೊಡದೆ ನನ್ನ ಕೈಯಲ್ಲಿ ಕೊಡಿಸುತ್ತಿದ್ದರು. ಮೊದಮೊದಲು ನನಗೆ ರೇಗುತ್ತಿತ್ತು. ಬರಬರುತ್ತ ಅವರು ಕರೆಯುವ ಮುಂಚೆಯೇ ಹೋಗಿ ತಟ್ಟೆ ಇಸಿದುಕೊಳ್ಳುತ್ತಿದ್ದೆ.

ದಿನ ತುಂಬುವ ಮುಂಚೆಯೇ ನೋವು ಬಂತು. ಜೀಪು ಮಾಡಿಕೊಂಡು ಕನಕಪುರದ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಭಾವ, "ನಿಧಾನ ಕಣ್ಲಾ, ಹಳ್ಳ ನೋಡ್ಕೊಂಡ್ ಬುಡ್ಲಾ" ಅಂತ ಡ್ರೈವರಿಗೆ ಗೋಗರೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಬದುಕಿತ್ತು. ನರ್ಸು ತಂದು ತೋರಿಸಿದಾಗ ಅಂಗೈ ಅಗಲದ ಮುಖ, ಅಳು ಬೆಕ್ಕಿನ ಮರಿಯಷ್ಟು. ಭಾವ ಕಾರಿಡಾರಿನಲ್ಲಿ ಗೋಡೆಗೆ ತಲೆ ಆನಿಸಿ ಬಿಕ್ಕಿಬಿಕ್ಕಿ ಅತ್ತರು. ಡಾಕ್ಟರಮ್ಮ, ತೂಕ ಕಮ್ಮಿ, ಮಿಕ್ಕಿದ್ದು ಈಗಲೇ ಏನೂ ಹೇಳಕ್ಕಾಗಲ್ಲ, ಹಾಲು ಹೊಟ್ಟೆಗೆ ಹೋಗಬೇಕು ಅಷ್ಟೆ ಅಂದರು.

ಕೂಸಿಗೆ ಚೀಪುವಷ್ಟು ಶಕ್ತಿ ಇರಲಿಲ್ಲ. ಹಿಂಡಿ ಕುಡಿಸಿ ಅಂದಳು ನರ್ಸು. ಅತ್ತೆ ಸೆರಗಿನ ಗಂಟಿನಿಂದ ಬೆಳ್ಳಿಯ ಒಳಲೆ ತೆಗೆದರು. ಭಾವ ಕೂಸಾಗಿದ್ದಾಗ ಹಾಲು ಕುಡಿದದ್ದು ಅದರಲ್ಲೇ. ಬಿಸಿನೀರಲ್ಲಿ ತೊಳೆದು ತಂದು ಅಕ್ಕನಿಗೆ ಕೊಟ್ಟರು. ಅಕ್ಕ ಹಲ್ಲು ಕಚ್ಚಿಕೊಂಡು ಹಿಂಡಿದಳು. ಒಳಲೆಯ ತಳ ಮುಚ್ಚುವಷ್ಟು ಹಾಲು ಬಂತು, ಮಂದವಾಗಿ. ಅತ್ತೆ ಅದನ್ನು ತೆಗೆದುಕೊಂಡು ಕೂಸಿನ ತುಟಿಯ ಹತ್ತಿರ ಒಯ್ದವರು ಅಲ್ಲೇ ನಿಂತರು. ಹಾಗೇ ಎದ್ದು ಕಿಟಕಿಯ ಬೆಳಕಿಗೆ ಹೋದರು. ಒಳಲೆಯನ್ನು ಓರೆ ಮಾಡಿ ನೋಡಿದರು. ಹಾಲು ಹಳದಿಯಾಗಿತ್ತು.

"ಅತ್ತೆ, ಮೊದಲ ಹಾಲು ಎಲ್ಲರದೂ ಹಳದಿನೇ" ಅಂದೆ.

"ಗೊತ್ತು ಕಣವ್ವ. ನಂಗೊತ್ತಿಲ್ವಾ? ಎಷ್ಟ್ ಹಸ ಕರ್ದಿದೀನಿ, ಎಷ್ಟ್ ಬಾಣಂತನ ಮಾಡಿದೀನಿ." ಒಳಲೆಯನ್ನು ನನ್ನ ಕಡೆ ಓರೆ ಮಾಡಿದರು. "ಆದ್ರೂ ನೀನ್ ಒಂದ್ಸಲ ನೋಡಿ ಹೇಳ್ಬುಡು."

ಅವರ ಪಕ್ಕ ಹೋಗಿ ನಿಂತು ನೋಡಿದೆ. ವಿಷ ಇದ್ದರೂ ಅದು ಕಣ್ಣಿಗೆ ಗೊತ್ತಾಗುವಂಥದ್ದಲ್ಲ. ನನ್ನ ನಾಲ್ಕು ಹನಿ ಔಷಧಿಗೂ ಅಲ್ಲ. ಮಂಚದ ಮೇಲಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಕೂಸು ಅಳುವುದನ್ನೂ ಬಿಟ್ಟು ಬರೀ ಬಾಯಿ ತೆರೆದು ಮುಚ್ಚುತ್ತಿತ್ತು.

"ಏನೂ ಇಲ್ಲ ಅತ್ತೆ. ಕುಡಿಸಿ" ಅಂದೆ.

ಅತ್ತೆ ಒಳಲೆಯನ್ನು ನನ್ನ ಕೈಗೆ ಕೊಟ್ಟು, ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನೀನೇ ಕುಡ್ಸು. ನನ್ ಕೈ ಬ್ಯಾಡ."

ನಾನೇ ಕುಡಿಸಿದೆ. ಒಂದೆರಡು ಹನಿ ಕೆನ್ನೆ ಮೇಲೆ ಬಿತ್ತು. ಕೂಸು ಮಿಕ್ಕಿದ್ದನ್ನು ಒಂದೊಂದೇ ತೊಟ್ಟು ನುಂಗಿ, ಇನ್ನೂ ಬೇಕು ಅಂತ ಬಾಯಿ ತೆರೆಯಿತು.